ಹೊಗೆಗೆ ಬಂದ ಕಣ್ಣೀರು

ಎಂಟು ನಿಮಿಷದ ಚಿತ್ರ. ಅದು ಮುಗಿಯುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. 'ಪಾಪ, ಎಷ್ಟ ಕಷ್ಟದ ಬಾಳೇ ಆಕೀದು' ಎಂದರು.

ಮಗಳಿಗೆ ಒಳಗೊಳಗೇ ಹಿಗ್ಗು. ಧಾರವಾಡದ ಸಪ್ತಾಪುರದ ಈ ಹುಡುಗಿ ಪತ್ರಿಕೋದ್ಯಮದ ವಿದ್ಯಾರ್ಥಿನಿ. ಕಾಲೇಜಿನಲ್ಲಿ ಒಪ್ಪಿಸಬೇಕಾಗಿದ್ದ ಸಾಕ್ಷ್ಯಚಿತ್ರಕ್ಕಾಗಿ ಒಂದು ತಿಂಗಳು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಓಡಾಡಿದ್ದಳು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಗಳೊಬ್ಬಳೇ ಅವಳ ಚಿತ್ರದ ನಾಯಕಿ. ಕ್ಯಾಮೆರಾ ಎಂದರೆ ಕೈಯೊಳಗಿನ ಮೊಬೈಲು.

ತಂದೆ ಮಾತ್ರ ಏನೂ ಅನ್ನಲಿಲ್ಲ. ಅವರು ನ್ಯಾಯಾಲಯದ ಕಚೇರಿಯಲ್ಲಿ ಮೂರು ದಶಕ ದುಡಿದು ಶಿರಸ್ತೇದಾರರಾಗಿ ನಿವೃತ್ತರಾದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಆಕಿ ಯಾಕ ಅಳಾಕತ್ತಿದ್ದಳವಾ?'

'ಅಳಾಕತ್ತಿರಲಿಲ್ಲಪ್ಪಾ. ಒಲಿ ಹೊಗಿ ಕಣ್ಣಿಗೆ ಹೊಡದಿತ್ತು.'

'ಹಂಗಾರ ನಿಮ್ಮವ್ವ ಯಾಕ ಅತ್ತಳು?'

ಮಗಳಲ್ಲಿ ಉತ್ತರವಿರಲಿಲ್ಲ. ತಂದೆ ಇನ್ನೊಂದು ಮಾತು ಹೇಳಿದರು: 'ಧ್ವನಿ ಬಂದ ಮಾಡಿ ಇನ್ನೊಮ್ಮೆ ಹಚ್ಚು.'

ಧ್ವನಿ ಇಲ್ಲದೆ ಚಿತ್ರ ಮತ್ತೊಮ್ಮೆ ಓಡಿತು. ಕೊಳಲಿನ ಶೋಕದ ಎಳೆ ಇಲ್ಲ. ಹುಡುಗಿಯೇ ಮೆಲುದನಿಯಲ್ಲಿ ಓದಿದ ನಿರೂಪಣೆಯೂ ಇಲ್ಲ. ಆಗ ಕಂಡದ್ದು ಬೇರೆಯೇ ಹೆಂಗಸು. ಅರ್ಧಕ್ಕರ್ಧ ದೃಶ್ಯಗಳಲ್ಲಿ ಆಕೆ ನಗುತ್ತಿದ್ದಳು. ಪಕ್ಕದಲ್ಲಿ ಕುಳಿತ ಯಾರಿಗೋ ಏನೋ ಹೇಳಿ ಕೊಣಮಿಗೆಯೊಳಗಿನ ಹಿಟ್ಟು ನಾದುತ್ತಿದ್ದಳು. ರೊಟ್ಟಿ ಬಡಿಯುವ ಕೈಗೆ ಒಂದು ತಾಳವಿತ್ತು, ಗತ್ತಿತ್ತು. ಒಂದು ಕಡೆ ಮಾತ್ರ, ಹೊಗೆ ಎದ್ದಾಗ, ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಿದ್ದಳು. ಆ ಮೂರು ಸೆಕೆಂಡೇ ಎಂಟು ನಿಮಿಷವನ್ನು ಆಳಿಬಿಟ್ಟಿತ್ತು.

ಹುಡುಗಿ ಸುಳ್ಳು ಹೇಳಿದ್ದಳೆ? ಇಲ್ಲ. ಚಿತ್ರದಲ್ಲಿ ಇರುವುದೆಲ್ಲ ನಿಜವಾಗಿ ನಡೆದದ್ದೇ. ಅವಳು ಮಾಡಿದ್ದು ಇಷ್ಟೆ: ಆ ಹೆಣ್ಣುಮಗಳು 'ಮೊದಲ ಭಾಳ ತ್ರಾಸ ಇತ್ತವಾ' ಎಂದ ಮಾತನ್ನು ಇಟ್ಟುಕೊಂಡು, ಅದರ ಬೆನ್ನಿಗೇ ಬಂದ 'ಈಗ ನಾಕ ಮಂದೀಗೆ ಕೆಲಸಾ ಕೊಟ್ಟೇನಿ' ಎಂಬ ಮಾತಿಗೆ ಕತ್ತರಿ ಹಾಕಿದ್ದಳು. ಅದರ ಮುಂದೆ ಕಣ್ಣು ಒರೆಸುವ ದೃಶ್ಯವನ್ನು ಅಂಟಿಸಿ, ಕೆಳಗೆ ಕೊಳಲು ಹರಿಸಿದ್ದಳು. ಹೊಗೆ ಕಣ್ಣೀರಾಯಿತು, ಕಣ್ಣೀರು ಬಡತನವಾಯಿತು.

ಇದು ಈ ಹುಡುಗಿ ಕಂಡುಹಿಡಿದ ಮಾಯೆಯೇನಲ್ಲ. 1920ರ ಆಸುಪಾಸಿನಲ್ಲಿ ರಷ್ಯದ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದನೆನ್ನುವ ಒಂದು ಪ್ರಯೋಗ ಸಿನಿಮಾ ಕಲಿಯುವವರಿಗೆ ಮೊದಲ ಪಾಠ. ನಟನೊಬ್ಬನ ಯಾವ ಭಾವವೂ ಇಲ್ಲದ ಮುಖದ ಒಂದೇ ತುಣುಕನ್ನು ಆತ ಒಮ್ಮೆ ಸೂಪಿನ ಬಟ್ಟಲಿನ ಜೊತೆಗೆ, ಮತ್ತೊಮ್ಮೆ ಶವಪೆಟ್ಟಿಗೆಯ ಜೊತೆಗೆ ಜೋಡಿಸಿ ತೋರಿಸಿದ. ನೋಡಿದವರಿಗೆ ಮೊದಲನೆಯದರಲ್ಲಿ ಹಸಿವು ಕಂಡಿತಂತೆ, ಎರಡನೆಯದರಲ್ಲಿ ದುಃಖ. ಮುಖ ಮಾತ್ರ ಅದೇ. ಭಾವ ಇದ್ದದ್ದು ಮುಖದಲ್ಲಲ್ಲ, ಜೋಡಣೆಯಲ್ಲಿ. ಅದಕ್ಕಿಂತ ಹೆಚ್ಚಾಗಿ ನೋಡುವವರ ಮನಸ್ಸಿನಲ್ಲಿ.

ಕಥಾಚಿತ್ರದಲ್ಲಾದರೆ ಇದಕ್ಕೆ ಅಭ್ಯಂತರವಿಲ್ಲ. ನಾಯಕ ಅಳುವುದು ಸುಳ್ಳೆಂದು ಎಲ್ಲರಿಗೂ ಗೊತ್ತು. ಆದರೆ ಇದಕ್ಕೆ ಕನ್ನಡದಲ್ಲಿ ಇಟ್ಟ ಹೆಸರೇ ಸಾಕ್ಷ್ಯಚಿತ್ರ. ಸಾಕ್ಷಿ ಹೇಳಲು ಬಂದವರ ಮಾತನ್ನು ಜನ ನಂಬುತ್ತಾರೆ. ಅದರ ಬಲವೂ ಅದೇ, ಅಪಾಯವೂ ಅದೇ.

ಈ ನಂಬಿಕೆ ಹೇಗೆ ಬೆಳೆಯಿತೆಂಬುದಕ್ಕೆ ತಂದೆಯ ತಲೆಮಾರೇ ಸಾಕ್ಷಿ. ಎಪ್ಪತ್ತರ ದಶಕದಲ್ಲಿ ಹುಬ್ಬಳ್ಳಿ–ಧಾರವಾಡದ ಟಾಕೀಜಿಗೆ ಹೋದವರಿಗೆ ರಾಜಕುಮಾರರ ಚಿತ್ರಕ್ಕಿಂತ ಮೊದಲು ಸರಕಾರದ ಚಿತ್ರ ನೋಡುವುದು ತಪ್ಪುತ್ತಿರಲಿಲ್ಲ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರವನ್ನೋ ಕಿರುಚಿತ್ರವನ್ನೋ ಪ್ರತಿ ಆಟಕ್ಕೂ ತೋರಿಸಬೇಕೆಂಬುದು ಚಿತ್ರಮಂದಿರಗಳ ಪರವಾನಗಿಯ ಷರತ್ತಾಗಿತ್ತು. ಅಣೆಕಟ್ಟು, ನೆರೆಹಾವಳಿ, ಹೊಸ ಬಿತ್ತನೆ ಬೀಜ, ಮಂತ್ರಿಗಳು ರಿಬ್ಬನ್ನು ಕತ್ತರಿಸುವುದು — ಎಲ್ಲಕ್ಕೂ ಒಂದೇ ಬಗೆಯ ಗಂಭೀರ ಕಂಠ. ಪಂಜಾಬಿನ ರೈತನಿಗೂ ಕೇರಳದ ಬೆಸ್ತನಿಗೂ ಅದೇ ದನಿ. ರೈತ ತೆರೆಯ ಮೇಲೆ ಬಾಯಿ ಆಡಿಸುತ್ತಿದ್ದ; ಅವನೇನು ಹೇಳಿದನೆಂಬುದು ಯಾರಿಗೂ ಕೇಳುತ್ತಿರಲಿಲ್ಲ. ಅವನ ಪರವಾಗಿ ಆ ಕಂಠವೇ ಹೇಳುತ್ತಿತ್ತು — ರೈತ ಸಂತೋಷವಾಗಿದ್ದಾನೆ ಎಂದು.

ಹೊರಗೆ ನಿಂತು ಬೀಡಿ ಮುಗಿಸಿ ಒಳಗೆ ಬರುವವರಿದ್ದರು, ನಿಜ. ಆದರೂ ಒಂದಿಡೀ ತಲೆಮಾರು ಭಾಕ್ರಾ ಅಣೆಕಟ್ಟನ್ನೂ ಭಿಲಾಯಿಯ ಉಕ್ಕಿನ ಕುಲುಮೆಯನ್ನೂ ಕಂಡದ್ದು ಹೀಗೇ. ದೇಶವೆಂದರೆ ಏನೆಂದು ಅವರಿಗೆ ಕಲಿಸಿದ್ದರಲ್ಲಿ ಶಾಲೆಯ ಪುಸ್ತಕದಷ್ಟೇ ಪಾಲು ಆ ಕಂಠದ್ದೂ ಇತ್ತು.

ಅದೇ ಸಂಸ್ಥೆಯೊಳಗೇ ಬೇರೆ ಹಾದಿ ಹಿಡಿದವರೂ ಇದ್ದರು. 1967ರಲ್ಲಿ ಎಸ್. ಎನ್. ಎಸ್. ಶಾಸ್ತ್ರಿ ಅವರು 'ಐ ಆಮ್ 20' ಎಂಬ ಚಿತ್ರ ಮಾಡಿದರು. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿ ಇಪ್ಪತ್ತು ತುಂಬಿದ ತರುಣ ತರುಣಿಯರನ್ನು ಕ್ಯಾಮೆರಾದ ಮುಂದೆ ಕೂಡಿಸಿ, ಅವರ ಮಾತನ್ನು ಅವರ ಬಾಯಿಂದಲೇ ಕೇಳಿಸಿದರು. ಒಬ್ಬರಲ್ಲಿ ಕನಸು, ಇನ್ನೊಬ್ಬರಲ್ಲಿ ಬೇಸರ, ಮತ್ತೊಬ್ಬರಲ್ಲಿ ವ್ಯಂಗ್ಯ. ದೇಶಕ್ಕೆ ಒಂದೇ ಕಂಠವಿಲ್ಲವೆಂಬುದು ಆ ಸಣ್ಣ ಚಿತ್ರದಿಂದ ಗೊತ್ತಾಯಿತು. ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಅದರ ಕಂಠ ನಿಂತರೂ ರೂಢಿ ನಿಂತಿಲ್ಲ. ಈಗ ಮೊಬೈಲಿನಲ್ಲಿ ನಿಮಿಷಕ್ಕೊಂದರಂತೆ ಬರುವ ತುಣುಕುಗಳಲ್ಲೂ ಜನರ ಪರವಾಗಿ ಮತ್ತಾರೋ ಮಾತಾಡುತ್ತಲೇ ಇದ್ದಾರೆ.

ಇನ್ನು ಧಾರವಾಡದ ಮಾತಿಗೆ ಬಂದರೆ, ಈ ಊರಿನ ಮೇಲೆ ಕ್ಯಾಮೆರಾದ ಕಣ್ಣು ಬಿದ್ದದ್ದು ಹೆಚ್ಚಾಗಿ ಕವಿಗಳಿಗಾಗಿ, ಗಾಯಕರಿಗಾಗಿ. ಗಿರೀಶ ಕಾರ್ನಾಡರು 1972ರಲ್ಲಿ ದ. ರಾ. ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಮಲ್ಲಿಕಾರ್ಜುನ ಮನ್ಸೂರರ ಮೇಲೆ ನಂದನ್ ಕುಡ್ಯಾಡಿ ಮಾಡಿದ 'ರಸಯಾತ್ರಾ' ರಾಷ್ಟ್ರಪ್ರಶಸ್ತಿ ಪಡೆಯಿತು. ನೆರೆಯ ಗದುಗಿನ ನೆಲದ ಭೀಮಸೇನ ಜೋಶಿಯವರನ್ನು ಕುರಿತು ಗುಲ್ಜಾರರು ಚಿತ್ರ ತೆಗೆದರು. ಇವೆಲ್ಲ ಇರದಿದ್ದರೆ ಇಂದಿನ ಮಕ್ಕಳು ಆ ಹಿರಿಯರ ನಡೆ ನುಡಿಯನ್ನು ಕಾಣುವುದೇ ಆಗುತ್ತಿರಲಿಲ್ಲ. 1981ರಲ್ಲಿ ತೀರಿಕೊಂಡ ಬೇಂದ್ರೆಯವರನ್ನು ಆಮೇಲೆ ಹುಟ್ಟಿದವರು 'ನೋಡಿದ್ದು' ಇಂಥ ಚಿತ್ರಗಳಲ್ಲಿಯೇ.

ಆದರೆ ಸಾಧನಕೇರಿಯ ಹಾದಿಯಲ್ಲಿ ಬೇಂದ್ರೆಯವರನ್ನು ಕಣ್ಣಾರೆ ಕಂಡವರು ಧಾರವಾಡದಲ್ಲಿ ಇನ್ನೂ ಇದ್ದಾರೆ. ಒಬ್ಬೊಬ್ಬರ ನೆನಪಿನ ಬೇಂದ್ರೆ ಒಂದೊಂದು ಬಗೆ: ಒಬ್ಬರಿಗೆ ಮಾತಿನ ಮಲ್ಲ, ಒಬ್ಬರಿಗೆ ಮೇಷ್ಟ್ರು, ಇನ್ನೊಬ್ಬರಿಗೆ ಅಂಕಿಸಂಖ್ಯೆಗಳ ಗುಂಗಿನಲ್ಲಿ ಮುಳುಗಿದ ಮುದುಕ. 1896ರಿಂದ ಎಂಬತ್ತೈದು ವರ್ಷ ಬಾಳಿದ ಜೀವವನ್ನು ಒಂದು ಸಣ್ಣ ಚಿತ್ರ ಪೂರ್ತಿ ಹಿಡಿಯಲಾರದು. ಕವಿಗೆ 'ನಾಕು ತಂತಿ'ಯಿಂದಾಗಿ ಜ್ಞಾನಪೀಠ ಬಂದದ್ದು ಕೂಡ 1973ರ ಸಾಲಿನಲ್ಲಿ, ಕಾರ್ನಾಡರ ಚಿತ್ರ ತಯಾರಾದ ಮೇಲೆ. ಚಿತ್ರ ಮುಗಿದರೂ ಬಾಳು ನಡೆದೇ ಇತ್ತು.

ಸಪ್ತಾಪುರದ ಹುಡುಗಿ ರೊಟ್ಟಿಯ ಹೆಣ್ಣುಮಗಳನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಹೊರಗಿನವರಿಗೆ ಧಾರವಾಡವೆಂದರೆ ಮಳೆ, ಪೇಢೆ, ಸಂಗೀತ. ಹುಬ್ಬಳ್ಳಿಯೆಂದರೆ ವ್ಯಾಪಾರ, ಧೂಳು. ಈ ಪಟದಲ್ಲಿ ರೊಟ್ಟಿ ಬಡಿಯುವವಳು ಎಲ್ಲಿದ್ದಾಳೆ ಎಂದು ಅವಳು ಕೇಳಿಕೊಂಡಿದ್ದಳು. ಪ್ರಶ್ನೆ ಒಳ್ಳೆಯದೇ. ಆದರೆ ಒಂದು ಸಿದ್ಧ ಅಚ್ಚಿನಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಅಚ್ಚಿಗೆ ಬಿದ್ದಿದ್ದಳು. ಬಡವರೆಂದರೆ ಅಳುವವರು ಎಂಬ ಅಚ್ಚು ಅದು.

ಆ ರಾತ್ರಿ ತಂದೆ ತಮ್ಮ ಕಚೇರಿಯ ಕಥೆ ಹೇಳಿದರು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನು ಸಾಮಾನ್ಯವಾಗಿ ಪ್ರಶ್ನೋತ್ತರದ ರೂಪದಲ್ಲಿ ಬರೆದುಕೊಳ್ಳುವುದಿಲ್ಲ. ಸಾಕ್ಷಿಯೇ ಒಂದೇ ಸಮನೆ ಹೇಳಿದಂತೆ ಬರೆಯುತ್ತಾರೆ. ಕೇಳಿದ ಪ್ರಶ್ನೆ ಕಾಗದದಲ್ಲಿ ಕಾಣುವುದಿಲ್ಲ. ಸಾಕ್ಷ್ಯಚಿತ್ರದಲ್ಲೂ ಹಾಗೇ ಅಲ್ಲವೆ? 'ನಿಮ್ಮ ಕಷ್ಟ ಹೇಳ್ರಿ' ಎಂದು ಕೇಳಿದರೆ ಯಾರಾದರೂ ಕಷ್ಟವನ್ನೇ ಹೇಳುತ್ತಾರೆ. ಆಮೇಲೆ ಪ್ರಶ್ನೆಯನ್ನು ಕತ್ತರಿಸಿದರೆ, ಅವರಾಗಿಯೇ ಗೋಳು ತೋಡಿಕೊಂಡಂತೆ ಕಾಣುತ್ತದೆ.

'ಆದರ ಕೋರ್ಟಿನ್ಯಾಗ ಎರಡ ಬಂದೋಬಸ್ತ ಅದಾವ' ಎಂದರು ತಂದೆ. 'ಒಂದು, ಪಾಟೀ ಸವಾಲು. ಇನ್ನೊಂದು, ಬರಕೊಂಡದ್ದನ್ನ ಸಾಕ್ಷೀಗೆ ಓದಿ ಹೇಳತಾರ. ಇದು ನಾ ಹೇಳಿದ್ದಲ್ಲ ಅಂತ ಆತ ತಕರಾರು ತಗದ್ರ, ತಿದ್ದತಾರ. ಇಲ್ಲಾ ಆ ತಕರಾರನ್ನ ಬರದ ಇಡತಾರ. ನೀ ಓದಿ ಹೇಳೀಯೇನು?'

ಓದಿ ಹೇಳುವ ಈ ಪದ್ಧತಿ ಸಾಕ್ಷ್ಯಚಿತ್ರಕ್ಕೆ ಹೊಸದಲ್ಲ. 1922ರಲ್ಲಿ ತೆರೆಕಂಡ 'ನಾನೂಕ್ ಆಫ್ ದ ನಾರ್ತ್' ಸಾಕ್ಷ್ಯಚಿತ್ರಗಳ ಮೊದಲ ದೊಡ್ಡ ಹೆಸರು. ಅದನ್ನು ಮಾಡಿದ ರಾಬರ್ಟ್ ಫ್ಲಾಹರ್ಟಿ ಕೆನಡಾದ ಹಿಮಪ್ರದೇಶದಲ್ಲಿ ತೆಗೆದ ದೃಶ್ಯಗಳನ್ನು ಅಲ್ಲಿಯೇ ತೊಳೆದು ಇನ್ಯೂಯಿಟ್ ಜನರಿಗೆ ತೋರಿಸುತ್ತಿದ್ದ. ಆದರೆ ಅದೇ ಮನುಷ್ಯ ಬೆಳಕು ಸಾಲದೆಂದು ಅರ್ಧ ಕಟ್ಟಿದ ಹಿಮದ ಮನೆಯಲ್ಲಿ ಸಂಸಾರವನ್ನು ಮಲಗಿಸಿ ಚಿತ್ರ ತೆಗೆದ. ಆಗಲೇ ಬಂದೂಕು ಬಳಸುತ್ತಿದ್ದವರಿಂದ ಹಳೆಯ ಈಟಿಯ ಬೇಟೆ ಆಡಿಸಿದ. ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ, ಅಲ್ಲಕರಿಯಲ್ಲಕ್. ಲೋಕ ಮಾತ್ರ ಬಹುಕಾಲ ಆ ಜನರನ್ನು ಬಂದೂಕನ್ನೇ ಕಾಣದವರೆಂದು ತಿಳಿಯಿತು. ಚಿತ್ರದವರಿಗೆ ತೋರಿಸಿದರಷ್ಟೇ ಸಾಲದು, ನೋಡುವವರಿಗೂ ನಿಜ ತಿಳಿಯಬೇಕು ಎಂಬುದಕ್ಕೆ ಇದೇ ಪಾಠ.

ಮರು ಭಾನುವಾರ ಹುಡುಗಿ ಲ್ಯಾಪ್‌ಟಾಪು ಹಿಡಿದು ಹಳೇ ಹುಬ್ಬಳ್ಳಿಗೆ ಹೋದಳು. ರೊಟ್ಟಿಯ ಹೆಣ್ಣುಮಗಳು, ಡಿಪ್ಲೊಮಾ ಓದುವ ಆಕೆಯ ಮಗ, ಕೆಲಸದ ನಾಲ್ವರು ಎಲ್ಲರೂ ಸುತ್ತ ಕೂತರು. ಮೊದಲು ನಗು, ಗದ್ದಲ. ಕೊಳಲು ಶುರುವಾದ ಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಮಗ ನಡುವೆಯೇ ಎದ್ದು ಹೊರಗೆ ಹೋದ. ನಾಳೆ ಅವನ ಗೆಳೆಯರೂ ಇದನ್ನು ನೋಡುವವರೇ.

'ಚಂದ ಮಾಡಿ ತಂಗಿ' ಎಂದಳು ಆಕೆ. 'ಆದರ ನಾ ಇಷ್ಟ ಗೋಳಿನಾಕಿ ಏನು? ಮತ್ತ ಈ ನಾಕ ಮಂದಿ ಎಲ್ಲಿ ಹೋದ್ರು?'

ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಆಕೆ ಇನ್ನೊಂದು ಮಾತು ಸೇರಿಸಿದಳು: 'ಆ ಹೊಗೀನ ತಗದ ಬಿಡು. ಗ್ಯಾಸಿನ ಒಲಿ ಅಂತ ತಿಳೀಲಿ ಮಂದಿ.'

ಇಲ್ಲಿ ಹುಡುಗಿ ಒಪ್ಪಲಿಲ್ಲ. ಕಣ್ಣೀರು ಸೇರಿಸಿದ್ದು ತಪ್ಪಾದರೆ ಹೊಗೆ ಮುಚ್ಚುವುದೂ ತಪ್ಪೇ. ದಿನಾ ಬೆಳಿಗ್ಗೆ ಐದಕ್ಕೆ ಆ ಒಲೆಯ ಮುಂದೆ ಐವರು ಕೂಡುವುದು ನಿಜ. ಹೊಗೆ ಕುಡಿಯುವುದೂ ನಿಜ. ಬಹಳ ಹೊತ್ತು ಮಾತಾಯಿತು. ಕೊನೆಗೆ ತಕರಾರನ್ನೂ ದಾಖಲು ಮಾಡುವುದೆಂದು ತೀರ್ಮಾನವಾಯಿತು. ಆಕೆ ನಗುತ್ತಲೇ ಒಪ್ಪಿದಳು.

ಎರಡನೆಯ ಸಲ ಹುಡುಗಿ ನಿಂತು ಚಿತ್ರ ತೆಗೆಯಲಿಲ್ಲ. ಮೊದಲ ಸಲ ನಿಂತೇ ತೆಗೆದಿದ್ದರಿಂದ ಒಲೆಯ ಮುಂದೆ ಕುಳಿತ ಹೆಂಗಸು ಕೆಳಗೆ, ಕುಗ್ಗಿದಂತೆ ಕಂಡಿದ್ದಳು. ಈಗ ತಾನೂ ನೆಲಕ್ಕೆ ಕೂತು, ಕಣ್ಣಿಗೆ ಕಣ್ಣು ಸಮ ಮಾಡಿ ತೆಗೆದಳು. ತಾನು ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿದಳು. ಕೊಳಲಿನ ಜಾಗದಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಹೊಗೆ ಎದ್ದಾಗ ಆಕೆ ಕಣ್ಣು ಒರೆಸಿಕೊಂಡು ಹೇಳುತ್ತಾಳೆ: 'ಇದನ್ನ ತಗಿ ಅಂದ್ರ ತಗೀವಲ್ಲಳು ಈ ಹುಡುಗಿ.' ಸುತ್ತಲಿನ ನಾಲ್ವರು ನಗುತ್ತಾರೆ.

ಮಕ್ಕಳ ಕೈಯಲ್ಲಿ ಮೊಬೈಲು ಕೊಟ್ಟ ತಂದೆ ತಾಯಂದಿರು ಎಷ್ಟು ಹೊತ್ತು ನೋಡಿದಿರಿ ಎಂದು ಕೇಳುತ್ತಾರೆ. ಏನು ನೋಡಿದಿರಿ, ಅದರಲ್ಲಿ ಯಾರು ಮಾತಾಡಿದರು, ಯಾರು ಬರೀ ಬಾಯಿ ಆಡಿಸಿದರು, ಧ್ವನಿ ತೆಗೆದರೆ ಏನು ಉಳಿಯುತ್ತದೆ ಎಂದೂ ಕೇಳಬಹುದು. ಇದಕ್ಕೆ ಸಿನಿಮಾ ಓದಿರಬೇಕಾಗಿಲ್ಲ. ಒಂದು ಪಾಟೀ ಸವಾಲು ಸಾಕು.

ಹೊಸ ಚಿತ್ರವನ್ನು ಸಪ್ತಾಪುರದ ಮನೆಯಲ್ಲಿ ಮತ್ತೆ ಹಚ್ಚಿದರು. ತಾಯಿ ಅದೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಈ ಸಲ ಸೆರಗು ಕಣ್ಣಿಗೆ ಹೋಗಲಿಲ್ಲ. ಮುಗಿದ ಮೇಲೆ ಒಂದು ಕ್ಷಣ ಯೋಚಿಸಿ ಕೇಳಿದರು:

'ಅಲ್ಲವಾ, ಹೊಗಿ ಹೋಗಾಕ ಮ್ಯಾಲ ಒಂದ ಗವಾಕ್ಷಿ ಇಲ್ಲೇನ ಆ ಮನಿಗೆ?'