ಗುಳೇದಗುಡ್ಡದ ಪಾದ್ರಿಗಳು

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾವು ಕಾಲೇಜು ಓದುವಾಗ ಗುಳೇದಗುಡ್ಡದ ಗೆಳೆಯರ ಮಾತಿನಲ್ಲಿ ಎರಡು ಸಂಗತಿ ತಪ್ಪದೆ ಬರುತ್ತಿದ್ದವು: ಖಣದ ಮಗ್ಗ ಮತ್ತು ಮಿಶನ್. ಮಿಶನ್ನಿನವರು ಯಾರು ಅಂದರೆ, 'ಜರ್ಮನ್ ಪಾದ್ರಿಗಳ್ರೀ' ಅನ್ನುವುದರಲ್ಲಿ ಮಾತು ಮುಗಿಯುತ್ತಿತ್ತು.

ಆದರೆ ಅವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. 1815ರಲ್ಲಿ ಅಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಮಾಡಿತು. ಬಂದವರಲ್ಲಿ ಜರ್ಮನಿಯ ವುರ್ಟೆಂಬರ್ಗಿನವರೇ ಹೆಚ್ಚು, ಸ್ವಿಸ್ಸರು ಕಡಿಮೆ. ಆದರೆ ಆಡಳಿತ, ಅಪ್ಪಣೆ ಎರಡೂ ಬಾಸೆಲ್ಲಿನವು. ಪಾದ್ರಿ ಮದುವೆಯಾಗಬೇಕಾದರೂ ಅಲ್ಲಿನ ಸಮಿತಿ ಒಪ್ಪಬೇಕಿತ್ತು. ಎಷ್ಟೋ ವಧುಗಳು ಗಂಡನ ಮುಖವನ್ನೇ ಕಾಣದೆ ಹಡಗು ಹತ್ತಿದರು. ಇಲ್ಲಿ ಹುಟ್ಟಿದ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಓದಿಗೆಂದು ಯುರೋಪಿಗೆ ಕಳಿಸುತ್ತಿದ್ದರು. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ತಲಶೇರಿಯಲ್ಲಿ ಹುಟ್ಟಿ ಹಾಗೆ ಹೋದವರೇ. ಹೀಗೆ ಮಕ್ಕಳನ್ನು ಕಳಿಸಿಕೊಟ್ಟ ತಾಯಂದಿರ ಬದುಕು ನನ್ನನ್ನು ಬಹಳ ಕಾಡುತ್ತದೆ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅವರಿಗೆ ಒಂದು ಪುಟವೂ ಇಲ್ಲ.

ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಮತ ಬದಲಿಸಿದವರಿಗೆ ಜಾತಿಯ ಜೊತೆ ಕಸುಬೂ ಕೈತಪ್ಪುತ್ತಿತ್ತು. ಅದಕ್ಕೇ ಮಿಶನ್ ನೇಯ್ಗೆಗೆ, ಹಂಚಿನ ಕಾರ್ಖಾನೆಗೆ ಕೈಹಾಕಿತು. ಕರಾವಳಿಯಲ್ಲಿ ಅದು ದೊಡ್ಡ ಉದ್ಯಮವೇ ಆಯಿತು. ನಮ್ಮ ಸೀಮೆಯಲ್ಲಿ ಕ್ರೈಸ್ತ ಸಭೆಗಳು ಸಣ್ಣವಾಗಿಯೇ ಉಳಿದವು. ಆದರೂ ಅವರು ಕನ್ನಡ ಕಲಿತರು, ಕನ್ನಡದಲ್ಲೇ ಶಾಲೆ ನಡೆಸಿದರು. 1894ರಲ್ಲಿ ಬಂದ ಕಿಟೆಲ್ ನಿಘಂಟು ಇದೇ ಮಿಶನ್ನಿನ ಶ್ರಮ.

1914ರ ಯುದ್ಧ ಇದನ್ನೆಲ್ಲ ಕದಡಿತು. ಬ್ರಿಟಿಷ್ ಸರಕಾರ ಜರ್ಮನ್ನರನ್ನು ಬಂಧನದಲ್ಲಿಟ್ಟು, ಆಮೇಲೆ ದೇಶ ಬಿಡಿಸಿತು. 1939ರಲ್ಲಿ ಮತ್ತೆ ಅದೇ ಬಂಧನ. ಆಗ ಕೆಲಸ ನಡೆಸಲು ಉಳಿದವರು ಸ್ವಿಸ್ಸರು. ವರ್ಷಗಟ್ಟಲೆ ಒಂದೇ ಮಿಶನ್ನಿನಲ್ಲಿ ದುಡಿದವರನ್ನು ಪಾಸ್‌ಪೋರ್ಟು ಬೇರೆ ಮಾಡಿತು.

ಇಂದು ಗುಳೇದಗುಡ್ಡದಲ್ಲಿ ಕೈಮಗ್ಗಗಳು ಕಡಿಮೆಯಾಗಿವೆ. ಪಾದ್ರಿಗಳ ಕಥೆ ಕೇಳಿದ್ದ ಹಿರಿಯರೂ ಕಡಿಮೆಯಾಗಿದ್ದಾರೆ. ಬಾಸೆಲ್ಲಿನಲ್ಲಿ ಮಾತ್ರ ಪಾದ್ರಿಗಳ ಪತ್ರ, ವರದಿ, ಫೋಟೋಗಳು ಜೋಪಾನವಾಗಿವೆ. ಬರೆದವರ ಕಡೆಯ ಕಥೆ ಅಲ್ಲಿದೆ. ಅವರನ್ನು ಕಂಡವರ ಕಡೆಯದನ್ನು ನಾವು ಬರೆದಿಟ್ಟಿಲ್ಲ. ಗುಳೇದಗುಡ್ಡ, ಬೆಟಗೇರಿಯ ಹಳೆಯ ಮನೆತನದವರು ತಮ್ಮ ಹಿರಿಯರಿಂದ ಕೇಳಿದ್ದನ್ನು ಈಗಲೇ ಬರೆಸಿಡಬೇಕು. ವಿದ್ಯಾಗಿರಿಯ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದಾಗಬೇಕು.