ಮಳೆ ನಿಂತ ಮರುದಿನ

ವಾಚಕರೆ, ಶಿವಭಕ್ತರ ಮನೆಯ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಶರಣೆ ಸತ್ಯಕ್ಕನ ಹೆಸರು ತಮಗೆ ಹೊಸದಲ್ಲ. ಕಸ ಬಳಿಯುವುದೂ ಪೂಜೆಯೇ ಎಂದು ಆಕೆಯನ್ನು ನೆನೆದು ನಾನೂ ಹಲವು ಸಭೆಗಳಲ್ಲಿ ಮಾತನಾಡಿದ್ದುಂಟು. ಅಂತಹ ನಾನು 2025ರ ಮೇ 19ರ ಬೆಳಿಗ್ಗೆ, ಬಸವೇಶ್ವರನಗರದ ನನ್ನ ಮನೆಯ ಹೊಸ್ತಿಲಲ್ಲಿ ನಿಂತು ಪೊರಕೆಯನ್ನು ಇನ್ನೊಬ್ಬರ ಕೈಗೆ ಕೊಟ್ಟ ಸಂಗತಿಯನ್ನು ಇಲ್ಲಿ ನಿವೇದಿಸಿಕೊಳ್ಳಬೇಕಾಗಿದೆ.

ಹಿಂದಿನ ರಾತ್ರಿಯ ಮಳೆ ಸಾಮಾನ್ಯದ್ದಾಗಿರಲಿಲ್ಲ. ಕೆಂಗೇರಿಯಲ್ಲಿ 132 ಮಿಲಿಮೀಟರ್ ದಾಖಲಾಯಿತು. ನಮ್ಮ ಬೀದಿಯಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು, ಕಟ್ಟಿಸಿದಾಗ ರಸ್ತೆಗಿಂತ ಎರಡು ಮೆಟ್ಟಿಲು ಮೇಲಿದ್ದ ಮನೆ ಈಗ ಗೇಣುದ್ದ ತಗ್ಗಿನಲ್ಲಿದೆ. ಮಹಡಿಯಲ್ಲಿ ಮಲಗಿದ್ದ ನಾವು ಬೆಳಿಗ್ಗೆ ಇಳಿದು ಬರುವಾಗ ನಡುಮನೆಯಲ್ಲಿ ಕಣಕಾಲುದ್ದ ನೀರು. ಹೊರಜಗಲಿಯ ಒಣನೆಲದಲ್ಲಿ ನಿಂತು ಮೇನ್ ಸ್ವಿಚ್ಚನ್ನು ಆರಿಸಿದೆ. ನನ್ನ ಜಾಣ್ಮೆಗೆ ನಾನೇ ಮೆಚ್ಚಿದೆ. ಅಷ್ಟರಲ್ಲಿ ಮನೆಗೆಲಸದಾಕೆ ಬಂದಳು. "ಕರೆಂಟು ತೆಗೆದಿದ್ದೇನಮ್ಮ, ನೀರು ತಳ್ಳಿಬಿಡು" ಎಂದೆ. ಆಕೆ ಸೆರಗು ಸಿಕ್ಕಿಸಿ ಬಾಗಿಲವರೆಗೆ ಹೋದವಳು ಅಲ್ಲಿಯೇ ನಿಂತಳು. "ಸಾರ್, ಕರೆಂಟು ಇಲ್ಲ ಅಂದ್ರಿ, ಒಳಗೆ ಫ್ಯಾನು ತಿರುಗ್ತಾ ಐತಲ್ಲ?"

ಇನ್ವರ್ಟರ್! ನೆಲದ ಮೇಲಿದ್ದ ಅದರ ಬ್ಯಾಟರಿ ಅರ್ಧ ಮುಳುಗಿದ್ದಿತು. ಗೋಡೆಯ ಬುಡದ ಪ್ಲಗ್ಗಿಗೂ ನೀರಿಗೂ ಎರಡಂಗುಲ ಅಂತರ. ಬೀದಿಯ ತಂತಿಯಿಂದ ಬರುವ ವಿದ್ಯುತ್ತನ್ನು ನಿಲ್ಲಿಸಿದೊಡನೆ ಈ ಯಂತ್ರ ತಾನಾಗಿ ಮನೆಗೆ ವಿದ್ಯುತ್ತನ್ನು ಹರಿಸತೊಡಗುತ್ತದೆಂಬುದನ್ನು ನಾನು ಅರಿಯದವನಲ್ಲ, ಮರೆತಿದ್ದೆ. ನೀರಿಗಿಳಿದು ಅದನ್ನು ಆರಿಸುವ ಸಾಹಸ ಮಾಡದೆ, ವಿದ್ಯುತ್ ಕೆಲಸಗಾರ ಬರುವವರೆಗೆ ಇಬ್ಬರೂ ಜಗಲಿಯಲ್ಲೇ ಕುಳಿತೆವು. ಹನ್ನೊಂದು ಗಂಟೆಯಾಯಿತು. ಆಕೆಗೆ ಬೇರೆ ಮೂರು ಮನೆಗಳ ಕೆಲಸ ತಪ್ಪಿತು.

ಮರುದಿನ ಪತ್ರಿಕೆ ಓದುವಾಗ ನನ್ನ ಕೈ ನಡುಗಿತು. ಅದೇ 19ರ ಸಂಜೆ ಬಿ.ಟಿ.ಎಂ. ಬಡಾವಣೆಯ ವಸತಿಸಮುಚ್ಚಯವೊಂದರಲ್ಲಿ, ನೆಲಮಾಳಿಗೆಯ ನೀರನ್ನು ಮೋಟಾರಿನಿಂದ ಹೊರಹಾಕಲು ಹೋದ ಹಿರಿಯರೊಬ್ಬರು ವಿದ್ಯುದಾಘಾತದಿಂದ ತೀರಿಕೊಂಡಿದ್ದರು. ಜೊತೆಯಲ್ಲಿ 12 ವರ್ಷದ ಬಾಲಕನೊಬ್ಬ. ಅಲ್ಲಿ ದುಡಿಯುತ್ತಿದ್ದವರ ಮಗ. ಮಳೆ ನಿಂತಿದ್ದಿತು. ಕೊಂದದ್ದು ಮಳೆಯಲ್ಲ, ನಿಂತ ನೀರು. ಆ ಹಿರಿಯರಾದರೂ ತಾವೇ ಕೆಲಸಕ್ಕಿಳಿದಿದ್ದರು. ನಾನು ಇಳಿಯಲು ಹೇಳಿದ್ದು ಇನ್ನೊಬ್ಬಳಿಗೆ. ಇದು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಆದ್ದರಿಂದ ವಾಚಕರೆ, ನೀರು ನುಗ್ಗಿದ ಮನೆಯಲ್ಲಿ ಮೊದಲು ಮೇನ್ ಸ್ವಿಚ್ಚು ಮತ್ತು ಇನ್ವರ್ಟರ್ ಎರಡೂ ಆರಿವೆಯೇ ಎಂದು ನೋಡಿರಿ. ಅವುಗಳ ಬಳಿ ಹೋಗಲು ನೀರನ್ನು ತುಳಿಯಬೇಕಾದರೆ ಹೋಗಲೇಬೇಡಿರಿ. ನೆನೆದ ಮೋಟಾರನ್ನು ಬಲ್ಲವರು ಪರೀಕ್ಷಿಸದ ಹೊರತು ಚಾಲೂ ಮಾಡಬಾರದು. ಬೀದಿಯ ಗುಲ್‌ಮೊಹರ್ ಮರದ ಕೊಂಬೆ ತಂತಿಯ ಮೇಲೆ ಬಿದ್ದಿದ್ದರೆ ಹುಡುಗರನ್ನು ದೂರವಿರಿಸಿ 1912ಕ್ಕೆ ಫೋನ್ ಮಾಡಿರಿ.

ನಮ್ಮ ಭಾಗದ ಕಾಲುವೆಗಳು ವೃಷಭಾವತಿಯ ಕಡೆಗೆ ಹರಿಯುವಂಥವು. ಅವು ಉಕ್ಕಿದಾಗ ಮನೆಗೆ ಬರುವುದು ಮಳೆನೀರೊಂದೇ ಅಲ್ಲ, ಚರಂಡಿಯೂ ಹೌದು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದ ಒಳಹೊಕ್ಕರೂ ಇಲಿಜ್ವರ ಬರಬಹುದು. ಕೆಸರು ಬಳಿಯುವವರಿಗೆ ರಬ್ಬರಿನ ಬೂಟು, ಕೈಗವಸು ಕೊಡಿಸುವುದು ಮನೆಯೊಡೆಯನ ಹೊಣೆ, ದಾನವೆಂದು ತಿಳಿಯಬೇಕಿಲ್ಲ. ಬ್ಲೀಚಿಂಗ್ ಪುಡಿಯನ್ನು ಬಳಸಿರಿ, ಆದರೆ ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಅದರೊಡನೆ ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ನೀರು ತಗುಲಿದ ಅಕ್ಕಿ-ಬೇಳೆಯ ಆಸೆ ಬಿಡಿರಿ. ಇದನ್ನು ಒಪ್ಪಿಸಲು ನನ್ನ ಮನೆಯಲ್ಲಿ ಎರಡು ದಿನ ಹಿಡಿಯಿತು.

ಸಂಪಿನ ವಿಷಯ ಇನ್ನೂ ಗಂಭೀರವಾದುದು. ಕೊಳಚೆ ಸೇರಿದ ಸಂಪಿನ ನೀರನ್ನು ಕುಡಿಯಲೂ ಅಡುಗೆಗೂ ಬಳಸಬಾರದು. ಪೂರ್ತಿ ಖಾಲಿ ಮಾಡಿ ತೊಳೆಸಬೇಕು. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಇಳಿದವನು ಕೂಗಲಾರದೆ ಕುಸಿಯುತ್ತಾನೆ, ಎತ್ತಲು ಹೋದವನದೂ ಅದೇ ಗತಿ. ನಮ್ಮ ಸಂಪಿಗೆ ಯಾರನ್ನೂ ಇಳಿಸಲಿಲ್ಲ. ಯಂತ್ರದಿಂದ ತೊಳೆಯುವವರು ಬರಲು ನಾಲ್ಕು ದಿನವಾಯಿತು. ಅಲ್ಲಿಯವರೆಗೆ ಮೇಲಿನ ಬೀದಿಯ ಬಂಧುಗಳ ಮನೆಯಿಂದ ಕೊಡಗಳಲ್ಲಿ ನೀರು ಹೊತ್ತೆವು.

ಇನ್ವರ್ಟರ್ ಈಗ ಎದೆಯೆತ್ತರದ ಕಡಪಾಕಲ್ಲಿನ ಮೇಲೆ ಕುಳಿತಿದೆ. ಆಕೆಗೆ ಆ ದಿನ ತಪ್ಪಿದ ಮೂರು ಮನೆಗಳ ಕೂಲಿಯನ್ನು ಕೊಡಹೋದರೆ ಬೇಡವೆಂದಳು, ಬಲವಂತದಿಂದ ಕೊಟ್ಟೆ.