ಎಲೆ ಉದುರಿದ ಗಿಡ

ಉಮ್ಮ ನಮ್ಮನ್ನಗಲಿದ ಎರಡು ತಿಂಗಳ ಬಳಿಕ, ಮಂಗಳೂರಿನ ಸಮೀಪದ ಹಳ್ಳಿಮನೆಗೆ ಬೀಗ ಹಾಕಿ ಉಪ್ಪನನ್ನು ಬೆಂಗಳೂರಿಗೆ ಕರೆತಂದೆವು. ಆಗ ಡಿಸೆಂಬರ್ ತಿಂಗಳು. ಆ ಮನೆಯಿಂದ ತಮ್ಮೊಂದಿಗೆ ತರಲು ಉಪ್ಪ ಬಯಸಿದ್ದು ಎರಡೇ ವಸ್ತುಗಳನ್ನು: ಉಮ್ಮ ನಮಾಝ್ ಮಾಡುತ್ತಿದ್ದ ಚಾಪೆ ಮತ್ತು ಜಗಲಿಯ ಅಂಚಿನಲ್ಲಿದ್ದ ಕ್ರೋಟನ್ ಗಿಡದ ಚಟ್ಟಿ. ಉಮ್ಮ ಆ ಗಿಡವನ್ನು ಹಲವು ವರ್ಷಗಳಿಂದ ಸಾಕಿದ್ದರು. ಕೆಂಪು, ಹಳದಿ, ಕಿತ್ತಳೆ, ಹಸಿರು ಹೀಗೆ ಒಂದೇ ಗಿಡದಲ್ಲಿ ಒಂದೆಲೆಯಂತೆ ಇನ್ನೊಂದಿರಲಿಲ್ಲ.

ಇಷ್ಟು ಅಂದದ ಗಿಡ ಬಂದವರ ಕಣ್ಣಿಗೆ ಬೀಳಲೆಂದು ನಾವು ಅದನ್ನು ಹಾಲ್‌ನ ಮೂಲೆಯಲ್ಲಿ, ಸೋಫಾದ ಪಕ್ಕದಲ್ಲಿ ಇಟ್ಟೆವು. ವಾರ ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳು ಜೋತುಬಿದ್ದವು. ಬಾಯಾರಿಕೆಯಿರಬೇಕೆಂದು ದಿನಕ್ಕೆರಡು ಬಾರಿ ನೀರೆರೆದೆವು. ಎಲೆಗಳು ಇನ್ನಷ್ಟು ಉದುರಿದವು. ಗಾಳಿ ಸಾಲದೆಂದು ಅಡುಗೆಮನೆಯ ಕಿಟಕಿಗೂ, ಅಲ್ಲಿಂದ ಮಲಗುವ ಕೋಣೆಗೂ ಸಾಗಿಸಿದೆವು. ಮೂರನೆಯ ವಾರಕ್ಕೆ ಚಟ್ಟಿಯಲ್ಲಿ ಉಳಿದದ್ದು ಬರಿಯ ಕಡ್ಡಿಗಳು. ಉಪ್ಪ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಆ ದಿನಗಳಲ್ಲಿ ಅವರು ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ.

ಅವರಿಗೆ ತಿಳಿಯದಂತೆ ಗಿಡವನ್ನು ಎಸೆದುಬಿಡೋಣವೆಂದು ನಾವು ಮಾತಾಡಿಕೊಂಡೆವು. ಊರಿನಿಂದ ಫೋನ್ ಮಾಡಿದ ಚಿಕ್ಕಮ್ಮ ಅದನ್ನು ಕೇಳಿ ಗದರಿಸಿದರು. "ಸತ್ತಿದೆ ಅಂತ ಯಾರು ಹೇಳಿದ್ದು? ಕಡ್ಡಿಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದಕ್ಕೆ ಜೀವ ಇದೆ." ಕೆರೆದು ನೋಡಿದೆವು. ತೆಳುವಾದ ತೊಗಟೆಯ ಅಡಿಯಲ್ಲಿ ಹಸಿರಿತ್ತು.

ಅಂದಿನಿಂದ ಆ ಗಿಡದ ಸ್ವಭಾವವನ್ನು ಅರಿಯಲು ತೊಡಗಿದೆವು. ಕ್ರೋಟನ್ ನಮ್ಮ ನಾಡಿನ ಮೂಲದ್ದಲ್ಲ. ಇಂಡೋನೇಷ್ಯಾ, ಮಲೇಷ್ಯಾ, ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ಸಾಗರದ ದ್ವೀಪಗಳು ಅದರ ತವರು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕೋಡಿಯಮ್ ವೇರಿಗೇಟಮ್. ಹರಳು, ಮರಗೆಣಸು, ರಬ್ಬರ್‌ಗಳ ಕುಟುಂಬಕ್ಕೇ ಸೇರಿದ್ದು. ಬೆಚ್ಚಗಿನ, ತೇವಭರಿತ ಗಾಳಿ ಅದಕ್ಕೆ ಹಿತ. ಆದ್ದರಿಂದಲೇ ಅದು ಕರಾವಳಿಯಲ್ಲಿ ಅಷ್ಟು ಸೊಂಪಾಗಿತ್ತು. ತಾಪಮಾನ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದರೆ ಅದು ಸೊರಗುತ್ತದೆ, ಒಣಹವೆಯಲ್ಲಿ ನುಸಿಯ ಕಾಟಕ್ಕೆ ಸಿಲುಕುತ್ತದೆ. ಅದರ ಎಲೆಗಳಿಗೆ ಬಣ್ಣ ತುಂಬುವುದು ಬೆಳಕು. ನೆರಳಿನಲ್ಲಿಟ್ಟರೆ ಮೂಡುವ ಎಲೆಗಳು ಹಸಿರಾಗಿಯೇ ಉಳಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಸ್ಥಳಾಂತರವನ್ನು ಸಹಿಸದು. ಜಾಗ ಬದಲಾದರೆ ಎಲೆ ಉದುರಿಸುವುದು ಅದರ ಸಹಜಗುಣ. ಎಲೆಯಿಲ್ಲದ ಗಿಡ ಹೀರುವ ನೀರೂ ಅತ್ಯಲ್ಪ. ನಾವು ಅಕ್ಕರೆಯಿಂದ ಎರೆದ ನೀರು ಅದರ ಬೇರನ್ನು ಕೊಳೆಸುವುದರಲ್ಲಿತ್ತು.

ಚಟ್ಟಿಯನ್ನು ಪೂರ್ವದ ಬಾಲ್ಕನಿಗೆ ಒಯ್ದು, ಮುಂಜಾನೆಯ ಬಿಸಿಲು ಬೀಳುವೆಡೆ ಇರಿಸಿದೆವು. ಇನ್ನು ಅದನ್ನು ಕದಲಿಸಬಾರದೆಂದು ಮಕ್ಕಳಿಗೂ ಹೇಳಿದೆವು. ತಳದ ರಂಧ್ರದಲ್ಲಿ ಕಟ್ಟಿಕೊಂಡಿದ್ದ ಮಣ್ಣನ್ನು ಬಿಡಿಸಿದೆವು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕತೊಡಗಿದೆವು.

ಹಾಗೆ ಬೆರಳಿಟ್ಟು ನೋಡುತ್ತಿದ್ದ ಒಂದು ಬೆಳಿಗ್ಗೆ ನಮಗೆ ಉಪ್ಪನ ನೆನಪಾಯಿತು. ಎಪ್ಪತ್ತು ದಾಟಿದ ಆ ಜೀವವನ್ನೂ ನಾವು ಬೇರು ಸಮೇತ ಕಿತ್ತು ತಂದಿದ್ದೆವಲ್ಲವೇ? ಶಬ್ದವಿಲ್ಲದ ಒಳಕೋಣೆ, ಮೆತ್ತನೆಯ ಹಾಸಿಗೆ, ಗಳಿಗೆಗೊಮ್ಮೆ ಚಹಾ, "ಉಪ್ಪ, ನೀವು ಏನೂ ಮಾಡಬೇಡಿ, ಸುಮ್ಮನೆ ಆರಾಮವಾಗಿರಿ" ಎಂಬ ಉಪಚಾರ. ಕೆಲವು ದಿನ ಒಬ್ಬ ಮಗನ ಮನೆ, ಕೆಲವು ದಿನ ಇನ್ನೊಬ್ಬನ ಮನೆ. ಅವರು ಮೌನವಾದಷ್ಟೂ ನಾವು ಉಪಚಾರವನ್ನು ಹೆಚ್ಚಿಸಿದೆವು. ಊರಿನಲ್ಲಿ ಸುಬಹ್ ನಮಾಝಿನ ಬಳಿಕ ತೋಟ ಸುತ್ತಿ ಬರುತ್ತಿದ್ದ ಮನುಷ್ಯನಿಗೆ ನಾವು ಬೆಳಕನ್ನೂ ಕೊಟ್ಟಿರಲಿಲ್ಲ, ಕೆಲಸವನ್ನೂ ಕೊಟ್ಟಿರಲಿಲ್ಲ.

ಅವರ ಮಂಚವನ್ನು ಬಾಲ್ಕನಿಯ ಪಕ್ಕದ ಕೋಣೆಗೆ ಬದಲಿಸಿದೆವು. ಇದೇ ಕೊನೆಯ ಬದಲಾವಣೆ, ಇನ್ನು ಅವರು ಇಲ್ಲಿಯೇ ಇರುತ್ತಾರೆಂದು ತಮ್ಮನಿಗೂ ತಿಳಿಸಿದೆವು. ಗಿಡವನ್ನು ನೋಡಿಕೊಳ್ಳಿ ಎಂದು ನಾವು ಕೇಳಿಕೊಳ್ಳಲಿಲ್ಲ, ಅವರೇ ಕೈಗೆತ್ತಿಕೊಂಡರು. ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕುಳಿತು ವುಝೂ ಮಾಡಿ, ಬೋಗುಣಿಯಲ್ಲಿ ಸಂಗ್ರಹವಾದ ನೀರನ್ನು ಗಿಡಕ್ಕೆ ಹಾಕುವರು. ಮಣ್ಣು ಒದ್ದೆಯಿದ್ದರೆ ಅದೇ ನೀರು ಪಕ್ಕದ ಕರಿಬೇವಿಗೆ ಹೋಗುವುದು. ಒಂದು ತೊಟ್ಟೂ ವ್ಯರ್ಥವಾಗುತ್ತಿರಲಿಲ್ಲ. ಕಡ್ಡಿ ಮುರಿದಾಗ ಒಸರುವ ಹಾಲು ಚರ್ಮಕ್ಕೆ ಉರಿ ತರುತ್ತದೆ, ಎಲೆಯನ್ನು ಬಾಯಿಗಿಡಬಾರದು ಎಂದು ಮೊಮ್ಮಗಳಿಗೆ ಎಚ್ಚರಿಸಿದರು. ಬಹಳ ದಿನಗಳ ನಂತರ ನಾವು ಅವರಿಂದ ಕೇಳಿದ ಅತಿ ಉದ್ದದ ಮಾತು ಅದು.

ಫೆಬ್ರವರಿಯ ಕೊನೆಯಲ್ಲಿ ಕಡ್ಡಿಗಳ ತುದಿಯಲ್ಲಿ ಚಿಗುರು ಕಂಡಿತು. ಎಲ್ಲವೂ ಬರಿಯ ಹಸಿರು. ಉಮ್ಮನ ಗಿಡದ ಬಣ್ಣ ಮರಳದೆಂದು ನಮಗೆ ಬೇಸರವಾಯಿತು. ಉಪ್ಪ ಮಾತ್ರ, "ಚಿಗುರು ಹಸಿರಾಗಿಯೇ ಬರುವುದು. ಬಣ್ಣ ಆಮೇಲೆ. ನಿಮ್ಮ ಉಮ್ಮ ಕಾಯುತ್ತಿದ್ದಳು" ಎಂದರು. ಉಮ್ಮನ ಮರಣದ ನಂತರ ಅವರ ಬಾಯಲ್ಲಿ ಆಕೆಯ ಪ್ರಸ್ತಾಪ ಬಂದದ್ದು ಅಂದೇ. ಎಪ್ರಿಲ್ ವೇಳೆಗೆ ಎಲೆಯ ನರಗಳಲ್ಲಿ ಹಳದಿ ಮೂಡಿ, ನಿಧಾನವಾಗಿ ಕೆಂಪು ಹರಡಿತು. ಸತ್ತಿತೆಂದು ನಾವು ತೀರ್ಮಾನಿಸಿದ್ದುದರೊಳಗೆ ಅಲ್ಲಾಹನು ಜೀವವನ್ನು ಉಳಿಸಿದ್ದನು.

ನಮ್ಮಲ್ಲಿ ಅನೇಕರ ಮನೆಗಳಿಗೆ ಇಂದು ಊರಿನಿಂದ ವೃದ್ಧ ತಂದೆ ತಾಯಿ ಬಂದು ನೆಲೆಸುತ್ತಿದ್ದಾರೆ. ಅವರ ಮೌನವನ್ನು ಮುಪ್ಪಿನ ಲಕ್ಷಣವೆಂದು ಬದಿಗಿಡುವ ಮುನ್ನ, ಅವರನ್ನು ನಾವು ಎಲ್ಲಿ ಇರಿಸಿದ್ದೇವೆಂದು ಒಮ್ಮೆ ನೋಡೋಣ. ಪ್ರೀತಿಯ ಕೊರತೆಯಿಂದಲ್ಲ, ಅರಿಯದೆ ತೋರಿದ ಪ್ರೀತಿಯಿಂದಲೂ ಬೇರು ಕೊಳೆಯಬಹುದು.

ಜೂನ್ ತಿಂಗಳಲ್ಲಿ ಉಪ್ಪ ಒಂದು ಕೊಂಬೆಗೆ ಗೂಟಿ ಕಟ್ಟಿದರು. ಬೆರಳಗಲದಷ್ಟು ತೊಗಟೆಯನ್ನು ಬಳೆಯಂತೆ ಸುಲಿದು, ಹಾಲನ್ನು ಒರೆಸಿ, ಒದ್ದೆ ಮಾಡಿದ ತೆಂಗಿನ ನಾರಿನ ಪುಡಿಯನ್ನಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿದರು. ಆಗಸ್ಟ್‌ನಲ್ಲಿ ಒಳಗೆ ಬಿಳಿಯ ಬೇರುಗಳು ಕಂಡವು. ಅದನ್ನು ಕತ್ತರಿಸಿ ಪುಟ್ಟ ಚಟ್ಟಿಗೆ ನೆಟ್ಟು, ಹಾಸನದಲ್ಲಿರುವ ನಮ್ಮ ತಂಗಿಗೆ ತಲುಪಿಸಲು ಕೊಟ್ಟರು. ನಾವು ಹೊರಟಾಗ ಬಾಗಿಲವರೆಗೆ ಬಂದು ಹೇಳಿದರು:

"ಮೊದಲು ಎಲ್ಲಾ ಎಲೆ ಉದುರಿದರೂ ಹೆದರಬೇಡ ಅಂತ ಹೇಳಿ ಅವಳಿಗೆ."